ಮೂವತ್ತೇಳು ಕಪ್ ಚಾ

ಟವರುಗಳು ಬಿದ್ದರೂ ಫೋನುಗಳು ಮೂಕವಾಗಬಾರದು ಎಂದು ಒಬ್ಬ ಜಾಣನಿಗೆ ಹೊಳೆದ ದಿನ, ಕೃಷ್ಣಾ ನದಿ ಕೂಡ ಒಂದು ಗಳಿಗೆ ಹರಿಯುವುದು ಬಿಟ್ಟು ಕಿವಿ ನಿಮಿರಿಸಿತಂತೆ. ವಿಚಾರವೇನೋ ಸರಳ. ಪ್ರತಿ ಫೋನಿನ ಹೊಟ್ಟೆಯಲ್ಲೂ ಒಂದು ಪುಟ್ಟ ರೇಡಿಯೋ ಇದೆ. ಟವರು ಸತ್ತ ಕೂಡಲೇ ಒಂದು ಫೋನು ಪಕ್ಕದ ಫೋನಿನ ಕಿವಿಯಲ್ಲಿ ಉಸುರಬೇಕು, ಅದು ತನ್ನ ಪಕ್ಕದ್ದಕ್ಕೆ ಉಸುರಬೇಕು. ದೀಪದಿಂದ ದೀಪ ಹಚ್ಚಿದಂತೆ ಸುದ್ದಿ ಊರಿಂದೂರಿಗೆ ಸಾಗಬೇಕು. ನದಿಯ ಅಗಲ ದಾಟಲು ದಡದಲ್ಲೂ ನಡುಗಡ್ಡೆಗಳಲ್ಲೂ ಬಿಸಿಲಿನಿಂದ ಓಡುವ ಪೆಟ್ಟಿಗೆಗಳು. ದನಿಯನ್ನು ಹೊರುವಷ್ಟು ಕಸುವು ಇದಕ್ಕಿಲ್ಲ. ಬರೆದದ್ದನ್ನು ಮಾತ್ರ ಹೊರುತ್ತದೆ. ಇದರ ಹೆಸರು ಸಾಲುದೀಪ. ಉದ್ಘಾಟನೆಗೆ ಮೂವರು ಮಂತ್ರಿಗಳು ಬಂದು, ಊರಿನ ಒಂದು ವರ್ಷದ ಗಾಳಿಯನ್ನೆಲ್ಲ ಭಾಷಣದಲ್ಲೇ ಖರ್ಚು ಮಾಡಿ ಹೋದರು.

ನಿಯಂತ್ರಣ ಕೊಠಡಿ ಇದ್ದದ್ದು ಹಿರೇಕಡವು ಎಂಬ ಊರಿನ ಸರಕಾರಿ ಕಟ್ಟಡದ ಮಹಡಿಯಲ್ಲಿ. ಗೋಡೆಯ ತುಂಬ ನದಿಯ ನಕ್ಷೆ. ಎಲ್ಲಿಂದ ಸಂದೇಶ ಬಂತೋ ಆ ಜಾಗ ಕೆಂಪು, ಬರದಿದ್ದರೆ ಹಸಿರು. ಕೆಂಪು ಎಂದರೆ ಜನ ಇದ್ದಾರೆ, ಕಷ್ಟದಲ್ಲಿದ್ದಾರೆ. ಹಸಿರು ಎಂದರೆ ಯಾರೂ ಇಲ್ಲ. ನದಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಇದ್ದರೂ ಮೇಲಿನ ಅಣೆಕಟ್ಟಿನ ಗೇಟುಗಳನ್ನು ಇನ್ನಷ್ಟು ಎತ್ತುವಂತಿಲ್ಲ. ಈ ನಿಯಮವನ್ನು ವಿಶೇಷಾಧಿಕಾರಿ ಪದ್ಮರಾಜ ಕಡಕೋಳ ಅವರೇ ಸ್ವಂತ ಕೈಯಿಂದ ಬರೆದು, ಕಟ್ಟು ಹಾಕಿಸಿ, ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದರು.

ಆ ಕೊಠಡಿಯಲ್ಲಿ ಯಂತ್ರಕ್ಕಿಂತ ಮೇಲಾದದ್ದು ಒಂದಿತ್ತು. ಅದೇ ಅಮರಮ್ಮ. ನೆರೆಯಲ್ಲಿ ಸಿಕ್ಕ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ, ಒತ್ತಕ್ಷರಗಳನ್ನು ದೇವರಿಗೆ ಬಿಟ್ಟು ಬರೆಯುತ್ತಿದ್ದರು. ಅದನ್ನು ಓದಲು ಹೋಗಿ ಸಾಲುದೀಪ ಕಟ್ಟಿದ ಕಂಪನಿಯ ಕಂಪ್ಯೂಟರು ಮೊದಲ ವರ್ಷವೇ ತಲೆಕೆಟ್ಟು ಕೂತಿತು. ಆಗ ಊರಿನ ಹನ್ನೆರಡು ಹೆಂಗಸರನ್ನು ಓದುವ ಕೆಲಸಕ್ಕೆ ತೆಗೆದುಕೊಂಡರು. ಹನ್ನೆರಡರಲ್ಲಿ ಅಮರಮ್ಮ ಮೊದಲನೆಯವಳು. ಅವಳು ಓದುವ ವೇಗಕ್ಕೆ ಅಕ್ಷರಗಳೇ ಬೆವರುತ್ತಿದ್ದವು. ಫೋನು ಕಚ್ಚಿದ ಕೂಸು ಹಲ್ಲಿನಿಂದ ಬರೆದದ್ದನ್ನೂ ಓದಿ, 'ಈ ಕೂಸಿಗೆ ಹಸಿವಾಗೇದ' ಎಂದು ಹೇಳಿದ್ದಳೆಂದು ಪಕ್ಕದ ಕುರ್ಚಿಯ ಶಹನಾಜ್ ಇವತ್ತಿಗೂ ಆಣೆ ಮಾಡುತ್ತಾಳೆ.

ಆ ವರ್ಷದ ಮಹಾಪೂರ ಎಂಥದೆಂದರೆ, ಮೀನುಗಳೇ ಹೆದರಿ ಗಿಡ ಹತ್ತಿದ್ದವು. ಎರಡು ದಿನದಿಂದ ಟವರಿಲ್ಲ. ಬೆಳಗ್ಗೆ ಆರಕ್ಕೆ ಅಮರಮ್ಮ ಮನೆಗೆ ಹೋಗಿ ಬಾಗಿಲು ದೂಡಿದರೆ, ಒಲೆಯ ಮುಂದೆ ತಮ್ಮ ಹುಲಿಗೆಪ್ಪನ ಹೆಂಡತಿ ನಾಗಮ್ಮ ಕೂತಿದ್ದಳು. ರೊಟ್ಟಿ ಹೆಂಚಿನ ಮೇಲೆ ಕರಿಕಾಗಿತ್ತು. ಅವಳ ಕಣ್ಣು ರೊಟ್ಟಿಯ ಮೇಲಿರಲಿಲ್ಲ.

"ಹುಲಿಗೆಪ್ಪ ಬಂದಿಲ್ಲೇನ?" ಎಂದಳು ಅಮರಮ್ಮ.

"ಇಲ್ಲ ಅಕ್ಕ. ನಿನ್ನೆ ಸರಕಾರದ ದೋಣಿ ಒಂದೇ ಸಲ ಬಂತು. ಹುಡುಗ್ರು, ಬಾಣಂತೇರು, ಸಾಲಿ ಕಲಿತವ್ರು, ಎಲ್ಲಾರನ್ನ ತುಂಬಿಸಿ ಕಳಿಸಿದ್ರು. ಮುದುಕ್ರು, ಕುರಿ ಕಾಯೋರು ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಉಳದಾರ. ಇನ್ನೊಂದು ದೋಣಿ ಬರ್ತದ, ನೀ ನಡಿ ಅಂದ."

"ಆಮ್ಯಾಲ?"

"ಆಮ್ಯಾಲ ಏನು. ನಾ ಬಂದೆ, ಅವ ಬರಲಿಲ್ಲ."

ಅವರು ಉಳಿದದ್ದು ನದಿಯ ನಡುವಿನ ಕುರಿಗಡ್ಡೆಯಲ್ಲಿ. ಹುಲಿಗೆಪ್ಪ ಆ ಗಡ್ಡೆಯ ಅಂಬಿಗ. ಅವನು ಹುಟ್ಟು ಹಾಕಿದರೆ ನೀರಿಗೆ ನೋವಾಗುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಈ ಪೂರ ಮೊದಲ ಏಟಿಗೇ ಅವನ ದೋಣಿಯನ್ನು ಕಿತ್ತುಕೊಂಡು ಹೋಗಿತ್ತು.

ಹತ್ತು ಗಂಟೆಗೆ ಕೊಠಡಿಯಲ್ಲಿ ನಕ್ಷೆ ಅಡಿಯಿಂದ ಮುಡಿಯವರೆಗೆ ಹಸಿರಾಗಿತ್ತು. ಕಡಕೋಳ ಸಾಹೇಬರು ಅದನ್ನು ತಮ್ಮ ಹೊಲದ ಬೆಳೆಯಂತೆ ನೋಡಿ ಸಂತೋಷಪಟ್ಟರು. "ಹನ್ನೊಂದಕ್ಕೆ ಗೇಟ್ ಎತ್ತಬೇಕು. ಅಣೆಕಟ್ಟು ತುಂಬ್ಯಾದ, ಬಹಳ ಅಂದ್ರ ಮಧ್ಯಾಹ್ನ ಒಂದು ಗಂಟೆತನಕ ತಡೀತದ. ಆದೇಶ ಟೈಪ್ ಮಾಡ್ರಿ."

ಅಮರಮ್ಮ ಎದ್ದು ನಿಂತಳು. "ಸಾಹೇಬ್ರ, ಕುರಿಗಡ್ಡ್ಯಾಗ ಮಂದಿ ಅದಾರ್ರಿ. ಗೇಟ್ ಎತ್ತಿದ್ರ ಗುಡಿ ಕಟ್ಟಿ ಮುಳುಗ್ತದ."

"ಯಾರು ಹೇಳಿದ್ರು?"

"ನನ್ನ ತಮ್ಮನ ಹೇಣ್ತಿ, ನಾಗಮ್ಮ."

"ನಾಗಮ್ಮನ ಮಾತಿನ ಮ್ಯಾಲ ಅಣೆಕಟ್ಟು ನಡಸಾಕ ಬರ್ತದೇನಮ್ಮ? ನಮ್ಮ ದೋಣಿ ಎರಡನೇ ಸಲ ಹೋಗಿ ನೋಡಿ ಬಂದದ. ಯಾರೂ ಇಲ್ಲ ಅಂತ ಬರದು ಕೊಟ್ಟಾರ." ದೋಣಿಯವರು ಸುಳಿಗೆ ಹೆದರಿ ಅರ್ಧ ದಾರಿಯಿಂದಲೇ ತಿರುಗಿ ಬಂದು ಹಾಗೆ ಬರೆದದ್ದು ದಡದ ಕಾಗೆಗಳಿಗೂ ಗೊತ್ತಿತ್ತು. "ಇದ್ದಿದ್ರ ಒಂದು ಮೆಸೇಜ್ ಹಾಕ್ತಿದ್ದಿಲ್ಲೇನು? 'ನೀರು' ಅಂತ ಎರಡು ಅಕ್ಷರ. ಅಷ್ಟೂ ಬರಿಯಾಕ ಆಗೂದಿಲ್ಲೇನು ಈ ಜನಕ್ಕ?"

"ಡ್ರೋನ್ ಬಿಟ್ಟು ನೋಡಸ್ರಿ."

"ಡ್ರೋನ್ ಮಂತ್ರಿಗಳ ಕೂಡ ಹೋಗೇದ. ಅವರು ಮ್ಯಾಲಿಂದ ಪೂರ ನೋಡೂದನ್ನ ಅದು ಮ್ಯಾಲಿಂದ ಚಿತ್ರ ತಗೀಬೇಕು."

ಅಮರಮ್ಮನ ಸಿಟ್ಟು ಅಂಗಾಲಿನಿಂದ ಹೊರಟು ನೆತ್ತಿಗೆ ತಲುಪುವಷ್ಟರಲ್ಲಿ ಕೊಠಡಿಯ ಫ್ಯಾನು ತಾನಾಗಿಯೇ ಜೋರಾಗಿ ತಿರುಗಿತು. ಆದರೆ ಅವಳು ಬೈಯಲಿಲ್ಲ. ಮೇಜಿನ ಮೇಲಿದ್ದ ತನ್ನ ಫೋನನ್ನು ನೋಡಿದಳು. ಎರಡು ದಿನದಿಂದ ಅದು ಒಂದು ಸಲವೂ ಬಡಿದುಕೊಂಡಿರಲಿಲ್ಲ. ಅದೇ ಅವಳಿಗೆ ವಿಚಿತ್ರ ಅನಿಸಿತು.

ಯಾಕೆಂದರೆ ಹುಲಿಗೆಪ್ಪ ಅಕ್ಷರ ಕಲಿತವನಲ್ಲ, ಮಿಸ್ಡ್ ಕಾಲ್ ಕಲಿತವನು. ಈ ಕೆಲಸಕ್ಕೆ ಸೇರುವ ಮುಂಚೆ ಹದಿನೆಂಟು ವರ್ಷ ಅಮರಮ್ಮ ದೋಣಿ ಹತ್ತುವ ಕಡವಿನಲ್ಲಿ ಚಾದಂಗಡಿ ಇಟ್ಟಿದ್ದಳು. ಅವಳ ಚಾ ಕುಡಿಯಲೆಂದು ಹೆಣಗಳು ಚಟ್ಟದಿಂದ ಇಳಿದು ಬಂದು, ಎರಡನೇ ಕಪ್ಪಿಗೆ ಜಗಳ ಆಡಿ, ಮತ್ತೆ ಹೋಗಿ ಮಲಗುತ್ತಿದ್ದವು. ಗಡ್ಡೆಯಿಂದ ದೋಣಿ ಬಿಡುವಾಗ ಹುಲಿಗೆಪ್ಪ ಅಕ್ಕನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ದೋಣಿಯಲ್ಲಿ ಎಷ್ಟು ತಲೆಯೋ ಅಷ್ಟು ಸಲ. ಏಳು ಸಲ ಬಡಿದುಕೊಂಡರೆ ಏಳು ಕಪ್ಪಿಗೆ ನೀರಿಡಬೇಕು. ದೋಣಿ ದಡ ಮುಟ್ಟುವಾಗ ಚಾ ಕುದಿದಿರಬೇಕು. ಅವನು ಮರೆತರೆ ಅವಳೇ ಎರಡು ಸಲ ಬಡಿಯುವಳು. ಎರಡು ಎಂದರೆ 'ಎಷ್ಟು ಚಾ?' ಎಂದು ಅರ್ಥ. ಗಡ್ಡೆಯ ಮಂದಿಯೆಲ್ಲ ಇದನ್ನೇ ಕಲಿತರು. ಒಂದು ಸಲ ಬಡಿದರೆ ಅರಾಮ. ಮೂರು ಸಲ ಬಡಿದರೆ ದೋಣಿ ಕಳಿಸು. ಕರೆಗಳು ಪುಕ್ಕಟೆಯಾದ ಮೇಲೂ ಯಾರೂ ಬಿಡಲಿಲ್ಲ. ಒಂದು ಗುಂಡಿಯಲ್ಲಿ ಮುಗಿಯುವುದನ್ನು ಬಾಯಿ ತುಂಬ ಮಾತಾಡಿ ಯಾಕೆ ಕೆಡಿಸಬೇಕು?

ಅವಳು ಕಂಪನಿಯ ಎಂಜಿನಿಯರ್ ಚಿನ್ಮಯನ ಮೇಜಿಗೆ ಹೋದಳು. ತುಮಕೂರು ಕಡೆಯ ಹುಡುಗ. ಎರಡು ದಿನದಿಂದ ಬಿಸ್ಕತ್ತಿನ ಮೇಲೆ ಬದುಕಿದ್ದ.

"ಚಿನ್ಮಯಪ್ಪ, ಇದರಾಗ ಯಾರರೆ ಮಿಸ್ಡ್ ಕಾಲ್ ಕೊಟ್ರ ಎಲ್ಲಿ ಹೋಗ್ತದ?"

"ಸಾಲುದೀಪದಲ್ಲಿ ಕಾಲ್ ಇಲ್ಲ ಆಂಟಿ. ಕಾಲ್ ಬಟನ್ ಒತ್ತಿದ್ರೆ ಒಂದು ಖಾಲಿ ಚೀಟಿ ಬರುತ್ತೆ. ನಂಬರು, ಯಾವ ಪೆಟ್ಟಿಗೆ, ಎಷ್ಟೊತ್ತಿಗೆ, ಅಷ್ಟೇ. ಮೆಸೇಜ್ ಇರಲ್ಲ. ಅದನ್ನ ಇಲ್ಲೇ ಜರಡಿ ಹಿಡಿದು ಬಿಸಾಕ್ತೀವಿ. ಇಲ್ಲಾಂದ್ರೆ ಕಸ ತುಂಬ್ಕೊಳುತ್ತೆ."

"ಬಿಸಾಕಿದ್ದು ಎಲ್ಲಿ ಬೀಳ್ತದ?"

"ಒಂದು ಕಸದ ಡಬ್ಬಿ ಇದೆ. ಯಾಕೆ?"

"ಕುರಿಗಡ್ಡಿದು ತಗಿ."

ಚಿನ್ಮಯ ನಾಲ್ಕು ಕೀಲಿ ಒತ್ತಿದ. ಪರದೆಯ ಮೇಲೆ ಸಾಲುಗಳು ಬೀಳತೊಡಗಿದವು. ಬಿದ್ದವು, ಬಿದ್ದವು, ಇನ್ನೂ ಬಿದ್ದವು. ನಿನ್ನೆ ಸಂಜೆಯಿಂದ ಸಾವಿರದ ನೂರಾ ನಲವತ್ತು ಖಾಲಿ ಚೀಟಿಗಳು. ಮೊದಲ ಸಾಲಲ್ಲೇ ಹುಲಿಗೆಪ್ಪನ ನಂಬರು. ಮೂರು ಚೀಟಿ, ಸ್ವಲ್ಪ ಬಿಡುವು. ಮತ್ತೆ ಮೂರು, ಮತ್ತೆ ಬಿಡುವು. ದೋಣಿ ಕಳಿಸು. ದೋಣಿ ಕಳಿಸು. ಗಡ್ಡೆಯ ಒಂಬತ್ತು ಫೋನುಗಳು ಊಟ ನಿದ್ದೆ ಬಿಟ್ಟು ಒಂದೇ ಮಾತನ್ನು ಹೇಳಿದ್ದವು. ಆ ಬಡ ಫೋನುಗಳು ನಂಬಿಗಸ್ತ ಅಂಚೆಯವರಂತೆ ಹೊಳೆ ದಾಟಿಸಿ ತಂದು ಮುಟ್ಟಿಸಿದ್ದನ್ನು, ಇಲ್ಲಿ ತಣ್ಣನೆಯ ಕೋಣೆಯಲ್ಲಿ ಒಂದು ಯಂತ್ರ ಕಸವೆಂದು ಗುಡಿಸಿತ್ತು.

"ಸಾಹೇಬ್ರ, ಬರ್ರಿ ಇಲ್ಲಿ," ಎಂದಳು ಅಮರಮ್ಮ. ಅವಳ ದನಿ ಮೆತ್ತಗಿತ್ತು. ಅಷ್ಟು ಮೆತ್ತಗಿನ ದನಿಯನ್ನು ಕೇಳಿ, ಎಲ್ಲಿ ಎತ್ತಿ ಎಸೆಯುತ್ತಾಳೋ ಎಂದು ಶಹನಾಜ್ ತನ್ನ ನೀರಿನ ಬಾಟಲಿಯನ್ನು ದೂರ ಸರಿಸಿ ಇಟ್ಟಳು.

ಕಡಕೋಳರು ಕನ್ನಡಕ ಏರಿಸಿ ನೋಡಿದರು. "ಇದ್ರಾಗೇನದ? ಎಲ್ಲ ಖಾಲಿ."

"ಖಾಲಿ ಅಲ್ರಿ. ದೋಣಿ ಕಳಿಸು ಅನ್ನಾಕತ್ತಾರ."

"ಕಿಸೇದಾಗ ಒತ್ತಿದ್ದಿರಬಹುದು. ಬಿಟ್ಟು ಹೋದ ಫೋನಿನ ಮ್ಯಾಲ ಕುರಿ ಕಾಲಿಟ್ಟಿರಬಹುದು."

"ಮೂರಕ್ಕ ಮೂರು ಎಣಿಸಿ ಕಾಲಿಡೋ ಕುರಿ ನಮ್ಮ ಗಡ್ಡ್ಯಾಗ ಇಲ್ರಿ. ಇದ್ದಿದ್ರ ಅದನ್ನ ಈ ಆಫೀಸಿನಾಗ ಕುಂದ್ರಸ್ತಿದ್ವಿ."

ಯಾರೋ ಕೆಮ್ಮಿದರು. ಸಾಹೇಬರ ಕಿವಿ ಕೆಂಪಾಯಿತು. "ಇದು ಪುರಾವೆ ಅಲ್ಲ. ಇದರ ಮ್ಯಾಲ ನಾ ಗೇಟ್ ತಡದು, ನಾಳೆ ಅಣೆಕಟ್ಟಿಗೆ ಏನರೆ ಆದ್ರ? ಮಂದಿ ಅದಾರ ಅಂದ್ರ ಎಷ್ಟು ಮಂದಿ? ಹೇಳು ನೋಡೂಣು."

"ಕೇಳಿ ಹೇಳ್ತೀನ್ರಿ. ಚಿನ್ಮಯಪ್ಪ, ನಿನ್ನ ಜರಡಿ ತಗಿ. ನನ್ನ ಫೋನಿಂದ ಖಾಲಿ ಚೀಟಿ ಹೋಗ್ಲಿ, ಅಲ್ಲಿದೂ ಬರ್ಲಿ."

ಚಿನ್ಮಯ ಸಾಹೇಬರ ಮುಖ ನೋಡಿದ. ಸಾಹೇಬರು ಗಡಿಯಾರ ನೋಡಿದರು. ಆ ಗಳಿಗೆಯಲ್ಲಿ ಹುಡುಗ ಕೀಲಿ ಒತ್ತಿಬಿಟ್ಟ. ಅಮರಮ್ಮ ಎರಡು ಸಲ ಬಡಿದಳು.

ಎಷ್ಟು ಚಾ?

ಒಂದು ನಿಮಿಷ ಏನಿಲ್ಲ. ಎರಡು ನಿಮಿಷ ಏನಿಲ್ಲ. ಆಮೇಲೆ ಅವಳ ಫೋನು ಒಮ್ಮೆ ಬಡಿದುಕೊಂಡಿತು. ನಕ್ಷೆಯ ಮೇಲೆ ಕುರಿಗಡ್ಡೆ ಕೆಂಪಾಯಿತು. ಕಾಲು ನಿಮಿಷ ಬಿಟ್ಟು ಇನ್ನೊಮ್ಮೆ.

"ಎರಡು," ಎಂದಳು ಶಹನಾಜ್.

ಮೂರು, ನಾಲ್ಕು, ಐದು. ಓದುವ ಹೆಂಗಸರೆಲ್ಲ ಕುರ್ಚಿ ಬಿಟ್ಟು ಬಂದು ಸುತ್ತ ನಿಂತರು. ಹತ್ತಾದಾಗ ಜವಾನ ಫೈಲು ಕೆಳಗಿಟ್ಟ. ಹದಿನೈದಾದಾಗ ಆದೇಶ ಟೈಪ್ ಮಾಡುವವನ ಕೈ ನಿಂತಿತು. ಹತ್ತೊಂಬತ್ತಾಯಿತು. ಆಮೇಲೆ ಫೋನು ಸುಮ್ಮನಾಯಿತು.

ಅರ್ಧ ನಿಮಿಷ. ಒಂದು ನಿಮಿಷ. "ಹತ್ತೊಂಬತ್ತೇ ಮಂದಿ," ಎಂದರು ಕಡಕೋಳರು.

"ತಡೀರಿ," ಎಂದಳು ಅಮರಮ್ಮ.

ಫೋನು ಬಡಿದುಕೊಂಡಿತು. ಪರದೆಯ ಮೇಲೆ ಬೇರೆ ನಂಬರು. ಹುಲಿಗೆಪ್ಪನ ಫೋನಿನ ಬ್ಯಾಟರಿ ಸತ್ತಿತ್ತು. ಪಕ್ಕದವರ ಫೋನಿನಿಂದ ಅವನು ಬಿಟ್ಟಲ್ಲಿಂದ ಎಣಿಸತೊಡಗಿದ್ದ. ಇಪ್ಪತ್ತು. ಇಪ್ಪತ್ತೊಂದು. ಮೂವತ್ತಕ್ಕೆ ಆ ಫೋನೂ ಸತ್ತು, ಮೂರನೆಯದು ಎತ್ತಿಕೊಂಡಿತು. ಮೂವತ್ತೇಳಕ್ಕೆ ನಿಂತಿತು. ಇನ್ನೈದು ನಿಮಿಷ ಕಾದರು. ಆ ಕಡೆಯಿಂದ ಏನೂ ಬರಲಿಲ್ಲ.

"ಮೂವತ್ತೇಳು ಚಾ," ಎಂದಳು ಅಮರಮ್ಮ. "ಬರಕೊಳ್ರಿ. ಕುರಿಗೆ ಇಷ್ಟು ಎಣಿಕಿ ಬರೂದಿಲ್ಲ."

ಗೇಟುಗಳು ನಿಂತವು. ಎರಡು ದೋಣಿಗಳು ಹೋದವು. ಈ ಸಲ ಸುಳಿಗೆ ಹೆದರಿದವರಿಗೆ ಶಹನಾಜ್ ಹೇಳಿಕಳಿಸಿದ ಮಾತು ಇಲ್ಲಿ ಬರೆಯುವಂಥದಲ್ಲ. ಆದರೆ ಅದನ್ನು ಕೇಳಿದ ಮೇಲೆ ಅವರಿಗೆ ಸುಳಿಯೇ ತವರುಮನೆಯಂತೆ ಕಂಡಿತು.

ಹನ್ನೆರಡೂ ಕಾಲಿಗೆ ದೋಣಿಯವರ ಸಂದೇಶ ಬಂತು. ಮೂವತ್ತೇಳು ಮಂದಿ ದಡ ಸೇರಿದರು, ಹೆಸರುಗಳು ಕೆಳಗಿವೆ. ಕೊಠಡಿಯಲ್ಲಿ ಚಪ್ಪಾಳೆ. ಕಡಕೋಳರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ತಮ್ಮ ಚಿತ್ರ ತಾವೇ ತೆಗೆದುಕೊಂಡರು. ಗೇಟ್ ಎತ್ತುವ ಆದೇಶವನ್ನು ಮತ್ತೆ ಟೈಪ್ ಮಾಡಿಸತೊಡಗಿದರು.

ಹೆಸರುಗಳನ್ನು ಓದುವ ಕೆಲಸ ಅಮರಮ್ಮನದೇ. ಅಕ್ಷರಗಳು ಬೆವರುವ ಆ ವೇಗ ಇವತ್ತು ಇರಲಿಲ್ಲ. ಒಂದೊಂದಾಗಿ ಓದಿದಳು. ಮುದುಕಪ್ಪ, ಹಂಪಮ್ಮ, ಹುಸೇನಪ್ಪ, ಎಲ್ಲರೂ ಅವಳ ಚಾ ಕುಡಿದವರೇ. ಮೂವತ್ತೇಳನೆಯ ಹೆಸರೂ ಬಂತು. ಹುಲಿಗೆಪ್ಪನ ಹೆಸರು ಬರಲಿಲ್ಲ.

ಮತ್ತೆ ಮೊದಲಿನಿಂದ ಓದಿದಳು. ಅರ್ಧಕ್ಕೆ ಬಂದಾಗ ಅವಳಿಗೆ ಹೊಳೆಯಿತು.

ಅಂಬಿಗ ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಹುಲಿಗೆಪ್ಪ ತನ್ನ ಕಪ್ಪನ್ನು ಸೇರಿಸಿ ಬಡಿದವನಲ್ಲ. ಎಲ್ಲರೂ ಕುಡಿದು ಎದ್ದು ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಗಟ್ಟಿ ಚಾ ಅವನದು. ಅದಕ್ಕೆ ನೀರು ಅಳೆಯಬೇಕಾಗಿರಲಿಲ್ಲ. ಮೂವತ್ತೇಳು ಎಂದು ಕೇಳಿದ ಹಿಗ್ಗಿನಲ್ಲಿ ಅಕ್ಕನಿಗೂ ಅದು ಮರೆತಿತ್ತು. ದೋಣಿಯವರು ಮೂವತ್ತೇಳು ಎಣಿಸಿ, ಮುಗಿಯಿತೆಂದು ಹೊರಟಿರಬೇಕು. ಇವನು ಎಂದಿನಂತೆ ಎಲ್ಲರನ್ನೂ ಹತ್ತಿಸಿ, ದೋಣಿ ತುಂಬಿದ್ದು ನೋಡಿ, ನೀವು ನಡೀರಿ, ಇನ್ನೊಂದು ಬರ್ತದ ಅಂದಿರಬೇಕು.

"ಸಾಹೇಬ್ರ, ಇನ್ನೊಬ್ಬ ಉಳದಾನ್ರಿ. ನನ್ನ ತಮ್ಮ. ಅವ ತನ್ನನ್ನ ಎಣಿಸಿಲ್ಲ."

ಕಡಕೋಳರು ನಕ್ಕರು. "ನೀನ ಹೇಳಿದ್ದು ಮೂವತ್ತೇಳು. ಬಂದದ್ದು ಮೂವತ್ತೇಳು. ಈಗ ಮೂವತ್ತೆಂಟು ಅಂದ್ರ ಹೆಂಗ?"

"ತಪ್ಪು ನಂದೈತ್ರಿ. ದೋಣಿ ಇನ್ನೊಮ್ಮೆ ಕಳಸ್ರಿ. ಒಂದು ಗಂಟೆತನಕ ತಡೀತದ ಅಂತ ನೀವ ಅಂದೀರಿ."

"ಅವನ ಫೋನ್?"

"ಸತ್ತದ. ಉಳದವ್ರು ತಮ್ಮ ಫೋನ್ ತಾವು ತಗೊಂಡು ಬಂದಾರ."

"ಅಂದ್ರ ಪುರಾವೆ ಇಲ್ಲ. ನಕ್ಷೆ ನೋಡು, ಹಸಿರು." ಕಡಕೋಳರು ತಮ್ಮ ಬೆನ್ನ ಹಿಂದೆ ಕಟ್ಟು ಹಾಕಿಸಿದ್ದ ನಿಯಮಕ್ಕೆ ಬೆರಳು ತೋರಿಸಿದರು. "ಕೆಂಪು ಇದ್ರ ಗೇಟ್ ಇಲ್ಲ. ಹಸಿರು ಇದ್ರ ಗೇಟ್. ನಿಯಮ ಎಲ್ಲಾರಿಗೂ ಒಂದ."

ಮಾತಾಡಲಾಗದವನು ಸತ್ತವನ ಸಮ, ಫೋನು ಸತ್ತರೆ ಮನುಷ್ಯನೂ ಸತ್ತ ಹಾಗೆ. ಇಷ್ಟು ದೊಡ್ಡ ವಿಜ್ಞಾನ, ಇಷ್ಟು ದೊಡ್ಡ ಗೋಡೆ, ಇಷ್ಟು ದೊಡ್ಡ ಸಂಬಳ, ಕೊನೆಗೆ ಹೇಳಿದ್ದು ಇದನ್ನೇ. ಅಮರಮ್ಮನಿಗೆ ಆಗ ಬಂದ ಸಿಟ್ಟನ್ನು ಆ ಪೂರದ ನೀರಿಗೆ ಸುರಿದಿದ್ದರೆ ಕೃಷ್ಣೆ ಆವಿಯಾಗಿ ತಳದ ಮರಳು ಕಾಣುತ್ತಿತ್ತು. ಅವಳು ಚಿನ್ಮಯನ ಕಡೆ ತಿರುಗಿದಳು. ಅವನ ಮೇಜಿನ ಪಕ್ಕ ಹಲಗೆಯ ಮೇಲೆ ಪೆಟ್ಟಿಗೆಗಳ ಸಾಲಿತ್ತು. ಒಂದೊಂದು ಗಡ್ಡೆಯ ಪೆಟ್ಟಿಗೆಗೂ ಅದರದೇ ನಂಬರಿನ ಅವಳಿಯೊಂದನ್ನು ಪರೀಕ್ಷೆಗೆಂದು ಇಲ್ಲಿ ಇಟ್ಟುಕೊಂಡಿದ್ದರು. ಕುರಿಗಡ್ಡೆಯ ಅವಳಿಯ ಮೇಲೆ ಎರಡು ವರ್ಷದಿಂದ ಅವಳು ತನ್ನ ಬುತ್ತಿ ಇಡುತ್ತಿದ್ದಳು.

ಅಮರಮ್ಮ ಬುತ್ತಿಯನ್ನು ಎತ್ತಿ ಕೆಳಗಿಟ್ಟಳು. "ಚಿನ್ಮಯಪ್ಪ, ಇದನ್ನ ಚಾಲೂ ಮಾಡಿದ್ರ ನಕ್ಷೆ ಏನಂತ ತಿಳಕೋತದ?"

ಚಿನ್ಮಯ ದನಿ ತಗ್ಗಿಸಿದ. "ಈ ರೂಮಲ್ಲಿರೋ ಫೋನೆಲ್ಲ ಕುರಿಗಡ್ಡೇಲಿದೆ ಅನ್ಕೊಳುತ್ತೆ ಆಂಟಿ. ಆದ್ರೆ ನನ್ನ ಕೆಲಸ..."

"ನೀ ಬಿಸ್ಕೀಟ್ ತಿನ್ನು. ಗುಂಡಿ ಯಾವುದು ಅಷ್ಟ ತೋರಸು."

ಅವನು ಬಿಸ್ಕತ್ತು ಬಾಯಿಗಿಟ್ಟುಕೊಂಡ. ಆದರೆ ಅವನ ಕಣ್ಣು ಪೆಟ್ಟಿಗೆಯ ಎಡಬದಿಗೆ ಹೋಗಿ ಬಂತು. ಅಕ್ಷರವಿಲ್ಲದ್ದನ್ನು ಓದುವುದು ಅಮರಮ್ಮನಿಗೆ ಹೊಸದೇನಲ್ಲ. ಗುಂಡಿ ಒತ್ತಿದಳು. ಶಹನಾಜ್ ತನ್ನ ಫೋನು ತೆಗೆದಳು. ಅವಳನ್ನು ನೋಡಿ ಉಳಿದವರು ತೆಗೆದರು. ಹನ್ನೆರಡು ಹೆಂಗಸರು ಹನ್ನೆರಡು ಹೆಬ್ಬೆರಳಿನಿಂದ ಮೂರಕ್ಕೆ ಮೂರು ಬಡಿಯತೊಡಗಿದರು.

ಕುರಿಗಡ್ಡೆ ಕೆಂಪಾಯಿತು. ಸಾಮಾನ್ಯ ಕೆಂಪಲ್ಲ, ಗೋಡೆಯ ಸುಣ್ಣಕ್ಕೂ ಆ ಬಣ್ಣ ಹತ್ತಿ, ಮೂರು ಸಲ ಬಳಿದರೂ ಹೋಗಿಲ್ಲವಂತೆ.

"ಏನಿದು? ನಿಲ್ಲಸ್ರಿ ಇದನ್ನ," ಎಂದರು ಕಡಕೋಳರು.

"ನಿಯಮ ಎಲ್ಲಾರಿಗೂ ಒಂದ್ರಿ," ಎಂದಳು ಅಮರಮ್ಮ, ಹೆಬ್ಬೆರಳು ನಿಲ್ಲಿಸದೆ. "ಕೆಂಪದ. ಗೇಟ್ ಇಲ್ಲ."

"ಇದು ಮೋಸ. ನಿಮ್ಮೆಲ್ಲರ ಕೆಲಸ ಹೋಗ್ತದ."

"ಹೋಗ್ಲಿ. ಸಾವಿರದ ನೂರಾ ನಲವತ್ತು ಸಲ ಮಂದಿ ಕೂಗಿದ್ದನ್ನ ಕಸ ಅಂದ್ರಿ, ಅದು ಕಾನೂನು. ನಾವು ಹನ್ನೆರಡು ಮಂದಿ ಕೂಗಿದ್ದು ಮೋಸ. ಬರಕೊಳ್ರಿ ಅದನ್ನೂ. ಮೊದಲ ದೋಣಿ ಕಳಸ್ರಿ."

ಅಣೆಕಟ್ಟಿನವರ ಪರದೆಯಲ್ಲೂ ಅದೇ ಕೆಂಪು ಕಾಣುತ್ತಿತ್ತು. ಅಲ್ಲಿಂದ ವೈರ್‌ಲೆಸ್ಸಿನಲ್ಲಿ ಕೇಳಿದರು, ಕುರಿಗಡ್ಡೆಯಲ್ಲಿ ಜನ ಇದ್ದಾರಾ ಎಂದು. ಸಾಹೇಬರು ಇಲ್ಲ ಎಂದರೆ ತಾವೇ ಬರೆದ ನಿಯಮ ಅವರ ಬೆನ್ನಿಗೇ ಅಂಟಿಕೊಳ್ಳುತ್ತಿತ್ತು. ಬೆವರು ಒರೆಸಿಕೊಂಡು, "ಪರಿಶೀಲನೆ ನಡೆದದ," ಎಂದರು. ಆ ಪರಿಶೀಲನೆ ನಿಜವಾಗಲೆಂದು ದೋಣಿ ಕಳಿಸಲೇಬೇಕಾಯಿತು.

ಒಂದಕ್ಕೆ ನಾಲ್ಕು ನಿಮಿಷ ಇರುವಾಗ ದೋಣಿಯವರ ಸಂದೇಶ ಬಂತು. ಒಬ್ಬ ಸಿಕ್ಕ. ಗುಡಿ ಕಟ್ಟೆಯ ಮೇಲೆ, ಸೊಂಟದವರೆಗೆ ನೀರಿನಲ್ಲಿ, ಧ್ವಜದ ಕಂಬ ಹಿಡಿದು ನಿಂತಿದ್ದ. ಇಷ್ಟು ಹೊತ್ತು ಎಲ್ಲಿ ಸತ್ತಿದ್ದಿರಿ ಎಂದು ಕೇಳಿದ. ಅಮರಮ್ಮ ಇದನ್ನು ಓದಿ, ಹೆಬ್ಬೆರಳು ನಿಲ್ಲಿಸಿ, ಅವಳಿ ಪೆಟ್ಟಿಗೆಯನ್ನು ಆರಿಸಿ, ಬುತ್ತಿಯನ್ನು ಮತ್ತೆ ಅದರ ಮೇಲಿಟ್ಟಳು. ನಕ್ಷೆ ಹಸಿರಾಯಿತು. ಗೇಟುಗಳು ಎದ್ದವು.

ಕಡವಿನಲ್ಲಿ ನಾಗಮ್ಮ ಆಗಲೇ ಮೂವತ್ತೇಳು ಚಾ ಹಂಚಿ ಮುಗಿಸಿದ್ದಳು. ಹುಲಿಗೆಪ್ಪ ದೋಣಿಯಿಂದ ಇಳಿದ. ನೀರಿನಲ್ಲಿ ನಿಂತು ಕಾಲು ಮುದ್ದೆಯಾಗಿದ್ದವು. ಅಕ್ಕ ಮೇಲಿಂದ ಓಡಿ ಬಂದು, ಅಪ್ಪಿಕೊಳ್ಳುತ್ತಾಳೆಂದು ಎಲ್ಲರೂ ನೋಡುತ್ತಿದ್ದರೆ, ಅವನ ತಲೆಗೆ ಒಂದು ಬಿಟ್ಟಳು.

"ಎಣಸಾಕ ಬರೂದಿಲ್ಲೇನಲೇ ನಿನಗ? ಮೂವತ್ತೇಳಂತ, ಮೂವತ್ತೇಳು."

"ಮೂವತ್ತೇಳ ಇದ್ರಲ್ಲಬೇ ಮಂದಿ."

"ಮತ್ತ ನೀನು?"

ಅವನು ಇದನ್ನು ಎಂದೂ ಯೋಚಿಸಿರಲಿಲ್ಲ. "ನಾ ಅಂಬಿಗ," ಎಂದ. ಆಮೇಲೆ, "ತಳದಾಗ ಉಳದದೇನು?" ಎಂದು ಪಾತ್ರೆಯೊಳಗೆ ಬಗ್ಗಿ ನೋಡಿದ.

ತಿಂಗಳ ಮೇಲೆ ಸರಕಾರದ ವರದಿ ಬಂತು. ಖಾಲಿ ಚೀಟಿಗಳನ್ನು ಕಂಡುಹಿಡಿದದ್ದು ವಿಶೇಷಾಧಿಕಾರಿಗಳ ಸಮಯಪ್ರಜ್ಞೆ ಎಂದಿತ್ತು. ಆದರೂ ಅವುಗಳಿಂದ ಕಸ ಹೆಚ್ಚುವುದರಿಂದ ಜರಡಿಯನ್ನು ಮತ್ತೆ ಹಾಕಬೇಕು ಎಂದಿತ್ತು. ಓದುವ ಹೆಂಗಸರಿಂದ ಲಿಖಿತ ವಿವರಣೆ ಕೇಳಿದ್ದರು. ಅಮರಮ್ಮ ಮೂರು ಹಾಳೆ ತೆಗೆದುಕೊಂಡು, ಏನೂ ಬರೆಯದೆ, ಮೂರರ ಕೆಳಗೂ ಸಹಿ ಮಾತ್ರ ಹಾಕಿ ಕಳಿಸಿಕೊಟ್ಟಳು. ಕಡಕೋಳ ಸಾಹೇಬರು ಅವನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. ಓದುವ ಹೆಂಗಸರ ಕೆಲಸ ಹೋಯಿತು. ಚಾದಂಗಡಿ ಮತ್ತೆ ಶುರುವಾಯಿತು. ಶಹನಾಜ್ ಅಲ್ಲೇ ಪಕ್ಕದಲ್ಲಿ ಭಜಿ ಕರಿಯುತ್ತಾಳೆ. ವಾಸನೆಗೆ ಅಣೆಕಟ್ಟು ಕೂಡ ಎರಡು ಇಂಚು ಕೆಳಗೆ ಜರುಗಿದೆ.

ಅದೇ ವರದಿಯ ಹನ್ನೊಂದನೇ ಪುಟದಲ್ಲಿ ಇನ್ನೊಂದು ಮಾತಿದೆ. ಕುರಿಗಡ್ಡೆಯಿಂದ ರಕ್ಷಿಸಲಾದವರು ಮೂವತ್ತೇಳು. ಆನಂತರ ಗೇಟುಗಳನ್ನು ಎತ್ತಲು ವಿಳಂಬವಾದದ್ದು ಒಂದು ತಾಂತ್ರಿಕ ದೋಷದಿಂದ.

ಆ ತಾಂತ್ರಿಕ ದೋಷ ಈಗಲೂ ದಿನಾ ಸಂಜೆ ತನ್ನ ಹೊಸ ದೋಣಿಯನ್ನು ದಡಕ್ಕೆ ಕಟ್ಟಿ ಬಂದು, ಎಲ್ಲರೂ ಕುಡಿದು ಎದ್ದ ಮೇಲೆ ಅಕ್ಕನ ಪಕ್ಕ ಕೂತು, ತಳದ ಗಟ್ಟಿ ಚಾ ಕುಡಿದು ಹೋಗುತ್ತದೆ.